ಆರು ತಂತಿಯ ಬದುಕು: ಓದುಗರ ಪ್ರಶ್ನೆಗಳಿಗೆ ವಾದಕನೊಬ್ಬನ ಉತ್ತರ

ಪ್ರಾದೇಶಿಕ ಸಂಗೀತ ತಂಡಗಳಲ್ಲಿ ಗಿಟಾರ್ ನುಡಿಸುವವರಿಂದಲೂ ಅವರ ಮನೆಯವರಿಂದಲೂ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಗಾಯಕರ ಪಕ್ಕದಲ್ಲಿ ನಿಂತು ಇಪ್ಪತ್ತೆಂಟು ವರ್ಷ ಗಿಟಾರ್ ನುಡಿಸಿದವನಾದ್ದರಿಂದ, ಈ ಪ್ರಶ್ನೆಗಳಲ್ಲಿ ಹೆಚ್ಚಿನವನ್ನು ನಾನೂ ಒಂದಲ್ಲ ಒಂದು ರಾತ್ರಿ ನನಗೇ ಕೇಳಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ ಮೂವತ್ತೊಂದು ವರ್ಷ. ಕಚೇರಿಯ ಕೆಲಸದಲ್ಲಿದ್ದುಕೊಂಡೇ ಆರು ವರ್ಷಗಳಿಂದ ನಮ್ಮ ಭಾಷೆಯ ಹಾಡುಗಳನ್ನಷ್ಟೇ ಹಾಡುವ ತಂಡವೊಂದರಲ್ಲಿ ಗಿಟಾರ್ ನುಡಿಸುತ್ತಿದ್ದೇನೆ. ಈಗ ದೂರದ ಊರುಗಳಿಂದಲೂ ಕರೆ ಬರುತ್ತಿದೆ. ಕೆಲಸ ಬಿಟ್ಟು ಪೂರ್ತಿಯಾಗಿ ಇದಕ್ಕೇ ಇಳಿಯಬಹುದೇ? ಒಂದು ಪ್ರದೇಶದ ಭಾಷೆಯನ್ನೇ ನಂಬಿದ ಸಂಗೀತದಲ್ಲಿ ಗಿಟಾರ್ ವಾದಕನಿಗೆ ಬದುಕಿದೆಯೇ?

ಉತ್ತರ: ಬದುಕಿದೆ, ಆದರೆ ಅದು ಅವಸರಕ್ಕೆ ದಕ್ಕುವಂಥದ್ದಲ್ಲ. ಸಹಾರಾ ಮರುಭೂಮಿಯ ತುವಾರೆಗ್ ಸಮುದಾಯದ ತಿನಾರಿವೆನ್ ತಂಡವನ್ನು ನೋಡಿ. ಅದರ ಸ್ಥಾಪಕರಲ್ಲಿ ಒಬ್ಬರಾದ ಇಬ್ರಾಹಿಂ ಆಗ್ ಅಲ್ಹಬೀಬ್ ಬಾಲ್ಯದಲ್ಲಿ ತಗಡಿನ ಡಬ್ಬಕ್ಕೆ ಕೋಲು ಸಿಕ್ಕಿಸಿ, ಸೈಕಲ್ಲಿನ ಬ್ರೇಕ್ ತಂತಿ ಬಿಗಿದು ತಮ್ಮ ಮೊದಲ ಗಿಟಾರ್ ಮಾಡಿಕೊಂಡವರು. 1979ರಲ್ಲಿ ಅಲ್ಜೀರಿಯಾದ ತಮನ್ರಾಸೆತ್‌ನಲ್ಲಿ ರೂಪುಗೊಂಡ ಈ ತಂಡದ, ತುವಾರೆಗ್ ಜನರ ತಮಾಷೆಕ್ ಭಾಷೆಯ ಹಾಡುಗಳು ಎಷ್ಟೋ ವರ್ಷ ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ನಕಲಾಗುತ್ತ ಕೈಯಿಂದ ಕೈಗೆ ಸಾಗಿದವು. ಹೊರದೇಶಗಳಿಗೆ ತಲುಪಿದ ಮೊದಲ ಆಲ್ಬಂ ಬಂದದ್ದು 2001ರಲ್ಲಿ, ಗ್ರ್ಯಾಮಿ ಪ್ರಶಸ್ತಿ ಬಂದದ್ದು 2012ರಲ್ಲಿ. ಹಾಡಿನ ಭಾಷೆ ಅಷ್ಟೂ ಕಾಲ ಅದೇ ಆಗಿತ್ತು.

ಮಾಲಿ ದೇಶದ ಅಲಿ ಫರ್ಕಾ ತುರೆ ಅವರ ದಾರಿ ನಿಮಗೆ ಇನ್ನೂ ಹತ್ತಿರದ್ದೆಂದು ತೋರುತ್ತದೆ. 1970ರ ದಶಕದಲ್ಲಿ ಅವರು ಬಮಾಕೊದ ರೇಡಿಯೊ ಮಾಲಿಯಲ್ಲಿ ಧ್ವನಿ ತಂತ್ರಜ್ಞರಾಗಿ ದುಡಿಯುತ್ತಲೇ ಹಾಡುಗಳನ್ನು ಮುದ್ರಿಸಿಕೊಂಡವರು. 1994ರಲ್ಲಿ ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಅವರೊಡನೆ ಮಾಡಿದ ಆಲ್ಬಂ ಗ್ರ್ಯಾಮಿ ತಂದುಕೊಟ್ಟ ಮೇಲೂ ಅವರು ತಮ್ಮನ್ನು ರೈತನೆಂದೇ ಕರೆದುಕೊಂಡರು. ತಮ್ಮ ಊರಾದ ನಿಯಾಫುಂಕೆಯ ಹೊಲಗಳಿಗೆ ಮರಳಿ 2004ರಲ್ಲಿ ಅಲ್ಲಿನ ಮೇಯರ್ ಕೂಡ ಆದರು. ಇನ್ನೊಂದು ಕಸುಬಿನಿಂದ ಅನ್ನ ದುಡಿದದ್ದು ಅವರ ಸಂಗೀತವನ್ನು ಕಿರಿದಾಗಿಸಲಿಲ್ಲ. ಆದ್ದರಿಂದ ಕೆಲಸದಲ್ಲಿರುವವರು ಅರೆಮನಸ್ಸಿನ ಕಲಾವಿದರು ಎಂಬ ಮಾತಿಗೆ ಕಿವಿಗೊಡಬೇಡಿ.

ನಿರ್ಧಾರಕ್ಕೆ ಮೊದಲು ಹಿಂದಿನ ಎರಡು ವರ್ಷಗಳ ದಿನಚರಿಯನ್ನು ಮುಂದಿಟ್ಟುಕೊಂಡು ಕೂರಿ. ಎಷ್ಟು ದಿನ ವೇದಿಕೆಯಲ್ಲಿದ್ದಿರಿ, ಎಷ್ಟು ದಿನ ಬರಿಯ ಪ್ರಯಾಣಕ್ಕೆ ಹೋಯಿತು, ಎಷ್ಟು ಕಾರ್ಯಕ್ರಮಗಳು ಕೊನೆಗಳಿಗೆಯಲ್ಲಿ ರದ್ದಾದವು ಎಂಬುದನ್ನು ಬರೆಯಿರಿ. ಕಾರ್ಯಕ್ರಮಗಳು ಗುಂಪುಗುಂಪಾಗಿ ಬರುತ್ತವೆ, ನಡುವೆ ತಿಂಗಳುಗಟ್ಟಲೆ ಬರ. ಆ ಬರವನ್ನು ದಾಟಿಸುವುದು ಪಾಠ ಹೇಳುವುದು, ಸ್ಟುಡಿಯೊ ಮುದ್ರಣ, ಬೇರೆ ಗಾಯಕರಿಗೆ ನುಡಿಸುವುದು ಮುಂತಾದ ಕೆಲಸಗಳು. ಇವುಗಳಲ್ಲಿ ಕನಿಷ್ಠ ಒಂದಾದರೂ ಈಗಾಗಲೇ ನಡೆಯುತ್ತಿರಬೇಕು. ಜೊತೆಗೆ ಆರು ತಿಂಗಳ ಮನೆಖರ್ಚು ಕೈಯಲ್ಲಿರಲಿ. ಪ್ರಯಾಣ ಮತ್ತು ವಸತಿಯ ಖರ್ಚು ಯಾರದು, ರದ್ದಾದರೆ ಎಷ್ಟು ಪಾಲು ಸಲ್ಲಬೇಕು, ಧ್ವನಿವರ್ಧಕದ ಹೊಣೆ ಯಾರದು ಎಂಬುದು ಕಾಗದದ ಮೇಲೆ ಇರದಿದ್ದರೆ ಹೊರಡಬೇಡಿ. ಒಮ್ಮೆ ಆಯೋಜಕರೊಬ್ಬರು ಬಾಯಿಮಾತಿನಲ್ಲಿ ಕರೆಸಿಕೊಂಡು ನಾವು ತಲುಪಿದ ದಿನವೇ ಕಾರ್ಯಕ್ರಮವಿಲ್ಲವೆಂದರು. ನಾವು ಐವರೂ ವಾಪಸಿನ ಟಿಕೆಟ್ ಇಲ್ಲದೆ ರಾತ್ರಿಯಿಡೀ ರೈಲು ನಿಲ್ದಾಣದ ಬೆಂಚಿನ ಮೇಲೆ ವಾದ್ಯಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆವು. ಅಂದಿನಿಂದ ಬರಹವಿಲ್ಲದ ಕರೆಗೆ ನಾನು ಹೋದದ್ದಿಲ್ಲ.

ಪ್ರಶ್ನೆ: ನಮ್ಮ ಜನಪದ ಧಾಟಿಗಳ ಸ್ವರಗಳು ಗಿಟಾರಿನ ಫ್ರೆಟ್‌ಗಳ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳ) ನಡುವೆ ಎಲ್ಲೋ ಬೀಳುತ್ತವೆ. ‘ಗಿಟಾರ್ ಸೇರಿದ ಮೇಲೆ ಹಾಡಿನ ಬನಿ ಹೋಯಿತು’ ಎಂದು ಹಿರಿಯ ಗಾಯಕಿಯೊಬ್ಬರು ಹೇಳಿದ್ದು ಮನಸ್ಸನ್ನು ಕೊರೆಯುತ್ತಿದೆ. ಗಿಟಾರ್ ಇಂಥ ಹಾಡುಗಳಿಗೆ ಒಗ್ಗುವುದೇ ಇಲ್ಲವೇ?

ಉತ್ತರ: ಆ ಹಿರಿಯರ ಮಾತನ್ನು ತಳ್ಳಿಹಾಕದೆ ನನಗೆ ಬರೆದಿದ್ದೀರಲ್ಲ, ಅದು ನನಗೆ ಬಹಳ ಹಿಡಿಸಿತು. ಅವರ ಕಿವಿ ಸುಳ್ಳು ಹೇಳುತ್ತಿಲ್ಲ. ಗಿಟಾರಿನ ಫ್ರೆಟ್‌ಗಳು ಒಂದು ಸ್ಥಾಯಿಯನ್ನು 12 ಸಮಪಾಲುಗಳಾಗಿ ಕತ್ತರಿಸುತ್ತವೆ. ಪ್ರತಿ ಫ್ರೆಟ್ಟಿಗೂ ಕಂಪನಸಂಖ್ಯೆ ಶೇಕಡ 5.95ರಷ್ಟು ಏರುತ್ತದೆ. ಬಾಯಿಂದ ಹಾಡುವವರು ಈ ಕತ್ತರಿಗೆ ಬದ್ಧರಲ್ಲ. ಷಡ್ಜವನ್ನು ಹಿಡಿದು ನಿಂತ ಗಾಯಕಿಯ ಅಂತರ ಗಾಂಧಾರ ಸಹಜವಾಗಿ 5:4ರ ಅನುಪಾತದಲ್ಲಿ ನೆಲೆಸುತ್ತದೆ. ಗಿಟಾರಿನ ಗಾಂಧಾರ ಅದಕ್ಕಿಂತ ಅರ್ಧಸ್ವರದ ಸುಮಾರು ಏಳನೆಯ ಒಂದು ಪಾಲು ಮೇಲಿರುತ್ತದೆ. ಅವರು ಆ ಸ್ವರವನ್ನು ನೀಳವಾಗಿ ಎಳೆದಾಗ ನೀವು ತುಂಬು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಮೀಟಿದರೆ, ಎರಡು ಗಾಂಧಾರಗಳು ಒಂದನ್ನೊಂದು ಉಜ್ಜಿ ಒಂದು ಅದುರು ಏಳುತ್ತದೆ. ಬನಿ ಹೋಗುವುದು ಅಲ್ಲಿ.

ಇದಕ್ಕೆ ಮೊದಲ ಮದ್ದು ಬಹಳ ಸರಳ: ಗಾಂಧಾರವನ್ನು ಗಾಯಕಿಗೇ ಬಿಟ್ಟುಕೊಡಿ. ಡಿ ಮೇಜರ್ ಕಾರ್ಡನ್ನು ಹಿಡಿದು ನೋಡಿ. ನಾಲ್ಕನೆಯ ತಂತಿಯಲ್ಲಿ ಷಡ್ಜ, ಮೂರನೆಯದರಲ್ಲಿ ಪಂಚಮ, ಎರಡನೆಯದರಲ್ಲಿ ಮೇಲಿನ ಷಡ್ಜ, ಮೊದಲನೆಯದರ ಎರಡನೇ ಫ್ರೆಟ್ಟಿನಲ್ಲಿ ಗಾಂಧಾರ. ಆ ಮೊದಲ ತಂತಿಯನ್ನು ಮೀಟದೆ ಬಿಟ್ಟರೆ ಉಳಿಯುವುದು ಷಡ್ಜ ಪಂಚಮಗಳಷ್ಟೇ. ಅಂದರೆ ತಂಬೂರಿಯ ಹರವು. ನಾನು ಒಂದು ತಂಡದಲ್ಲಿ ಮೂರು ವರ್ಷ ನುಡಿಸಿದ ಮೇಲೆ ಒಂದು ಸಂಜೆ ಅಭ್ಯಾಸದಲ್ಲಿ ಇಷ್ಟೇ ಬದಲಾವಣೆ ಮಾಡಿದೆ. ಹಾಡುತ್ತಿದ್ದ ಅಕ್ಕ ಕಣ್ಣು ತೆರೆದು ನನ್ನತ್ತ ನೋಡಿದರು, ಏನೂ ಹೇಳಲಿಲ್ಲ; ಮುಂದಿನ ಸಾಲನ್ನು ಮೊದಲಿಗಿಂತ ನಿಧಾನವಾಗಿ, ಎರಡು ಪಟ್ಟು ಉದ್ದವಾಗಿ ಎಳೆದರು. ಅವರಿಗೆ ಜಾಗ ಸಿಕ್ಕಿತ್ತು.

ಇನ್ನು, ಗಿಟಾರ್ ತನ್ನದಲ್ಲದ ನೆಲಕ್ಕೆ ಹೋದಾಗಲೆಲ್ಲ ಅಲ್ಲಿನ ಜನ ಅದನ್ನು ತಮ್ಮ ಕಿವಿಗೆ ಬಗ್ಗಿಸಿಕೊಂಡಿದ್ದಾರೆ. ಹವಾಯಿ ದ್ವೀಪಗಳಿಗೆ 1830ರ ದಶಕದಲ್ಲಿ ಮೆಕ್ಸಿಕೊ ಮೂಲದ ದನಗಾಹಿಗಳ ಜೊತೆ ಗಿಟಾರ್ ಬಂತೆಂದು ಹೇಳುತ್ತಾರೆ. ಅಲ್ಲಿಯವರು ತಂತಿಗಳನ್ನು ಸಡಿಲಿಸಿ ತಮ್ಮದೇ ಶ್ರುತಿಕ್ರಮಗಳನ್ನು ಕಟ್ಟಿಕೊಂಡರು. ಕೆಳಗಿನಿಂದ ಡಿ, ಜಿ, ಡಿ, ಜಿ, ಬಿ, ಡಿ ಎಂಬ ‘ತಾರೊ ಪ್ಯಾಚ್’ ಅವುಗಳಲ್ಲಿ ಹೆಸರಾದದ್ದು. ಅದೇ ನೆಲದ ಜೋಸೆಫ್ ಕೆಕುಕು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುವ ಕ್ರಮವನ್ನು ರೂಢಿಗೆ ತಂದರು. ಜಾರುವ ಉಕ್ಕಿಗೆ ಫ್ರೆಟ್‌ಗಳ ಹಂಗಿಲ್ಲ. ಈ ಹವಾಯಿ ಗಿಟಾರನ್ನೇ ಬ್ರಿಜ್‌ಭೂಷಣ್ ಕಾಬ್ರಾ ಹಿಂದೂಸ್ತಾನಿ ರಾಗಗಳಿಗೆ ಒಗ್ಗಿಸಿದರು. ವಿಶ್ವಮೋಹನ್ ಭಟ್ ಗಿಟಾರನ್ನು ಮಾರ್ಪಡಿಸಿ ಮಾಡಿದ ತಮ್ಮ ಮೋಹನ ವೀಣೆಯಲ್ಲಿ, ಮೀಟದೆಯೇ ಅನುರಣಿಸುವ ತರಬಿನ ತಂತಿಗಳನ್ನೂ ಸೇರಿಸಿದರು. ಟರ್ಕಿಯ ಎರ್ಕಾನ್ ಒವುರ್ 1976ರಲ್ಲಿ ಫ್ರೆಟ್‌ಗಳನ್ನೇ ತೆಗೆದುಹಾಕಿದ ಗಿಟಾರ್ ಮಾಡಿಸಿ ತಮ್ಮ ನಾಡಿನ ಸೂಕ್ಷ್ಮಸ್ವರಗಳಿಗೆ ದಾರಿ ಮಾಡಿಕೊಂಡರು. ಮೇಲೆ ಹೇಳಿದ ಅಲಿ ಫರ್ಕಾ ತುರೆ ಮೊದಲು ನುಡಿಸಿದ್ದು ಗುರ್ಕೆಲ್ ಎಂಬ ಒಂಟಿ ತಂತಿಯ ವಾದ್ಯ. ಅವರ ಗಿಟಾರಿನಲ್ಲಿ ಕೇಳುವುದು ಆ ಒಂಟಿ ತಂತಿಯ ಮಾತೇ.

ನೀವು ವಾದ್ಯವನ್ನು ಬದಲಿಸಬೇಕಾಗಿಲ್ಲ. ಹೊಸ ಹಾಡು ಕೈಗೆ ಬಂದಾಗ ಗಿಟಾರನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಮೊದಲು ಬಾಯಲ್ಲಿ ಹಾಡಿ ಕಲಿಯಿರಿ, ಸಾಹಿತ್ಯ ಬಾಯಿಪಾಠವಾಗಲಿ. ಆಮೇಲೆ ಒಂದೇ ತಂತಿಯಲ್ಲಿ ನುಡಿಸಿ; ಗಮಕ ಬಂದಲ್ಲಿ ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರವನ್ನು ಮುಟ್ಟಿ. ಕಾರ್ಡ್‌ಗಳ ವಿಚಾರ ಇವೆಲ್ಲ ಆದ ಮೇಲೆ. ನಂತರ ಆ ಹಿರಿಯ ಗಾಯಕಿಯ ಬಳಿ ಹೋಗಿ, ‘ಎಲ್ಲಿ ನಾನು ಸುಮ್ಮನಿರಬೇಕು, ಹೇಳಿ’ ಎಂದು ಕೇಳಿ.

ಪ್ರಶ್ನೆ: ತಂಡದಲ್ಲಿ ನಾನು ಬರಿಯ ರಿದಮ್ ಗಿಟಾರ್, ಅಂದರೆ ಲಯ ಹಿಡಿಯುವ ಗಿಟಾರ್ ನುಡಿಸುವವನು. ಚಪ್ಪಾಳೆಯೆಲ್ಲ ಲೀಡ್, ಅಂದರೆ ಎದ್ದು ಕೇಳುವ ಸ್ವರಗಳ ಎಳೆ ನುಡಿಸುವವರಿಗೆ. ಇದರಲ್ಲೇ ಉಳಿದರೆ ಬೆಳವಣಿಗೆ ಉಂಟೇ?

ಉತ್ತರ: ‘ಬರಿಯ’ ಎಂಬ ಆ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಕಾಂಗೊದ ರುಂಬಾ ಸಂಗೀತವನ್ನು ಒಮ್ಮೆ ಗಮನವಿಟ್ಟು ಕೇಳಿ. ಅಲ್ಲಿ ರಿದಮ್ ಮತ್ತು ಸೋಲೊ (ಲೀಡ್) ಗಿಟಾರ್‌ಗಳ ನಡುವೆ ‘ಮಿ-ಸೋಲೊ’ ಎಂಬ ಇನ್ನೊಂದು ಗಿಟಾರ್ ಪಾತ್ರವೇ ಬೆಳೆದುಬಂತು. ಹಾಡುಗಾರಿಕೆ ಮುಗಿದ ಮೇಲೆ ಬರುವ ‘ಸೆಬೆನ್’ ಎಂಬ ಭಾಗದಲ್ಲಿ ಗಿಟಾರ್‌ಗಳು ಒಂದೊಂದು ಸಣ್ಣ ಎಳೆಯನ್ನು ಮತ್ತೆ ಮತ್ತೆ ಹೆಣೆಯುತ್ತ ಜನರನ್ನು ಕುಣಿಸುತ್ತವೆ. ಅದರಲ್ಲಿ ಒಂದು ಎಳೆಯನ್ನು ತೆಗೆದರೆ ನೇಯ್ಗೆಯೇ ಬಿಚ್ಚಿಹೋಗುತ್ತದೆ. 1956ರಲ್ಲಿ ಹುಟ್ಟಿದ ಓಕೆ ಜಾಝ್ ತಂಡವನ್ನು ಬೆಳೆಸಿದ ಫ್ರಾಂಕೊ ಲುಅಂಬೊ ಮಕಿಯಾಡಿ 1989ರಲ್ಲಿ ತೀರಿಕೊಳ್ಳುವವರೆಗೂ ಅದರಲ್ಲೇ ಇದ್ದರು. ‘ಗಿಟಾರಿನ ಮಾಂತ್ರಿಕ’ ಎಂದು ಜನ ಕರೆದ ಅವರ ನುಡಿಸಾಣಿಕೆಯಲ್ಲಿ ವೇಗದ ಕಸರತ್ತಿಗಿಂತ ಮರುಕಳಿಸುವ ಎಳೆಯ ಹಿಡಿತವೇ ಹೆಚ್ಚು.

ಬೆಳವಣಿಗೆಯ ಅಳತೆ ಬೇಕೆಂದರೆ, ಒಂದು ಹಾಡಿನ ಲಯವನ್ನು, ಸಮಗತಿಯಲ್ಲಿ ಟಿಕ್ ಎನ್ನುವ ಮೆಟ್ರೊನೋಮ್ ಹಚ್ಚಿ ಹತ್ತು ನಿಮಿಷ ನುಡಿಸಿ ಮುದ್ರಿಸಿಕೊಳ್ಳಿ. ಎಂಟನೇ ನಿಮಿಷದಲ್ಲಿ ಕೈ ಓಡುತ್ತಿದೆಯೇ ಎಂದು ಕೇಳಿ ನೋಡಿ. ನನ್ನದು ಓಡುತ್ತಿತ್ತು, ಅದನ್ನು ತಿದ್ದಿಕೊಳ್ಳಲು ಒಂದು ವರ್ಷ ಹಿಡಿಯಿತು.

ಪ್ರಶ್ನೆ: ಪ್ರವಾಸದಲ್ಲಿ ವಾದ್ಯದ ರಕ್ಷಣೆ ಹೇಗೆ? ವಿಮಾನದಲ್ಲಿ ಹೊರದೇಶಕ್ಕೆ ಒಯ್ಯುವಾಗ ಕಾಗದಪತ್ರಗಳೇನಾದರೂ ಬೇಕೇ?

ಉತ್ತರ: ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರಿನ ಕತ್ತಿನ ಮೇಲೆ ಶ್ರುತಿಯಲ್ಲಿರುವಾಗ ಸುಮಾರು 70 ಕಿಲೋಗ್ರಾಂ ತೂಕದಷ್ಟು ಎಳೆತವಿರುತ್ತದೆ. ಆದ್ದರಿಂದ ಪೆಟ್ಟಿಗೆ ಕೆಳಗೆ ಬಿದ್ದರೆ ಒಡಲಿಗಿಂತ ಮೊದಲು ಮುರಿಯುವುದು ಬಿರಡೆಗಳಿರುವ ತಲೆಭಾಗ. ಒಮ್ಮೆ ಬಸ್ಸಿನ ಸಾಮಾನು ಗೂಡಿನಿಂದ ಇಳಿಸಿಕೊಂಡ ನನ್ನ ಪೆಟ್ಟಿಗೆಯ ಮೇಲೆ ಒಂದು ಗೀರೂ ಇರಲಿಲ್ಲ. ತೆರೆದು ನೋಡಿದರೆ ತಲೆಭಾಗ ಮುರಿದು ತಂತಿಗಳ ಆಸರೆಯಲ್ಲಿ ನೇತಾಡುತ್ತಿತ್ತು. ಪೆಟ್ಟಿಗೆಯೊಳಗೆ ತಲೆಭಾಗದ ಕೆಳಗೂ ಮೇಲೂ ಬಟ್ಟೆ ತುರುಕಿ ಅದು ಅಲುಗಾಡದಂತೆ ಮಾಡಿ, ತಂತಿಗಳನ್ನು ಒಂದೆರಡು ಅರ್ಧಸ್ವರದಷ್ಟು ಸಡಿಲಿಸಿ.

ಮರಕ್ಕೆ ಹಿತವಾದ ಗಾಳಿಯ ತೇವ ಶೇಕಡ 45ರಿಂದ 55. ಒಣ ಹವೆಯಲ್ಲಿ ಕೆಲವು ದಿನ ಕಳೆದ ಮೇಲೆ ಗಿಟಾರಿನ ಕತ್ತಿನ ಅಂಚಿನ ಗುಂಟ ಹೆಬ್ಬೆರಳು ಎಳೆದು ನೋಡಿ. ಫ್ರೆಟ್‌ಗಳ ತುದಿಗಳು ಗರಗಸದ ಹಲ್ಲಿನಂತೆ ಚುಚ್ಚಿದರೆ, ಮರ ಕುಗ್ಗಿ ಲೋಹ ಹೊರಚಾಚಿದೆ ಎಂದರ್ಥ. ಪೆಟ್ಟಿಗೆಯೊಳಗೆ ತೇವ ಕೊಡುವ ಚೀಲವೊಂದನ್ನು ಇಡುವ ಕಾಲ ಅದು.

ಕಾಗದದ ವಿಚಾರ. ಬ್ರೆಜಿಲಿಯನ್ ರೋಸ್‌ವುಡ್ 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಆ ಮರದ ಹಳೆಯ ಗಿಟಾರನ್ನು ಗಡಿ ದಾಟಿಸುವುದಾದರೆ ಸಂಗೀತವಾದ್ಯ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಅದು ಮೂರು ವರ್ಷದವರೆಗೆ ನಡೆಯುತ್ತದೆ. ಉಳಿದ ರೋಸ್‌ವುಡ್ ಜಾತಿಗಳಿಗೆ 2017ರಲ್ಲಿ ಬಂದ ನಿರ್ಬಂಧದಿಂದ ಸಿದ್ಧವಾದ್ಯಗಳಿಗೆ 2019ರ ನವೆಂಬರ್‌ನಲ್ಲಿ ವಿನಾಯಿತಿ ಸಿಕ್ಕಿದೆ. ಹಲವು ವಾದ್ಯ, ಆಂಪ್ಲಿಫೈಯರ್‌ಗಳನ್ನು ಒಯ್ಯುವ ತಂಡವಾದರೆ ಸುಂಕದ ತಂಟೆ ತಪ್ಪಿಸುವ ಎಟಿಎ ಕಾರ್ನೆ ಎಂಬ ದಾಖಲೆ ಮಾಡಿಸಬಹುದು. ಅದರ ಅವಧಿ ಒಂದು ವರ್ಷ.

ಪ್ರಶ್ನೆ: ಸತತ ಕಾರ್ಯಕ್ರಮಗಳ ನಂತರ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟುತ್ತವೆ. ಕಿವಿಯಲ್ಲಿಯೂ ಗುಂಯ್ ಎಂಬ ಸದ್ದು ಬೆಳಗಿನವರೆಗೆ ನಿಲ್ಲುವುದಿಲ್ಲ. ಇದು ಕಸುಬಿನ ಭಾಗವೆಂದು ಹಿರಿಯ ವಾದಕರು ಹೇಳುತ್ತಾರೆ.

ಉತ್ತರ: ಬೆರಳ ತುದಿ ಜಡ್ಡುಗಟ್ಟುವುದು ಕಸುಬಿನ ಭಾಗ. ನೀವು ಹೇಳಿದ ಎರಡೂ ಅಲ್ಲ. ಈ ಮೂರು ಬೆರಳುಗಳು ರಾತ್ರಿ ಜುಮುಗುಟ್ಟುವುದು ಮಣಿಕಟ್ಟಿನಲ್ಲಿ ನರ ಒತ್ತಿಹೋಗುತ್ತಿರುವುದರ ಸೂಚನೆಯಾಗಿರಬಹುದು. ಈ ವಾರವೇ ವೈದ್ಯರನ್ನು ಕಾಣಿರಿ. ಅಲ್ಲಿಯವರೆಗೆ ಗಿಟಾರಿನ ಪಟ್ಟಿಯನ್ನು ಬಿಗಿಮಾಡಿ, ಕುಳಿತು ನುಡಿಸುವ ಎತ್ತರದಲ್ಲೇ ನಿಂತಾಗಲೂ ವಾದ್ಯವಿರುವಂತೆ ನೋಡಿಕೊಳ್ಳಿ; ಕೆಳಗೆ ಇಳಿಬಿಟ್ಟಷ್ಟೂ ಮಣಿಕಟ್ಟು ಮಡಚಿಕೊಳ್ಳುತ್ತದೆ. ನೋವನ್ನು ಮೀರಿ ನುಡಿಸುವುದು ಶೌರ್ಯವಲ್ಲ. ಊರೂರು ಅಲೆಯುವ ಸಮುದಾಯದಲ್ಲಿ ಹುಟ್ಟಿದ ಜಾಝ್ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ 1928ರಲ್ಲಿ ತಮ್ಮ ಗಾಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳುಗಳ ಸ್ವಾಧೀನ ಕಳೆದುಕೊಂಡರೂ ಉಳಿದ ಎರಡರಿಂದ ಹೊಸ ಶೈಲಿಯನ್ನೇ ಕಟ್ಟಿದರೆಂಬುದನ್ನು ಎಲ್ಲರೂ ಹೇಳುತ್ತಾರೆ. ಅವರು ತಿಂಗಳುಗಟ್ಟಲೆ ಆಸ್ಪತ್ರೆಯ ಹಾಸಿಗೆಯಲ್ಲಿದ್ದು ಕೈಯನ್ನು ಮೆಲ್ಲಮೆಲ್ಲನೆ ಪಳಗಿಸಿಕೊಂಡರೆಂಬುದನ್ನೂ ಅದರ ಜೊತೆಗೇ ಹೇಳಬೇಕು.

ಕಿವಿಯ ವಿಷಯ ಇದಕ್ಕಿಂತ ಗಂಭೀರ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದೆಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯೊಂದರ ಶಿಫಾರಸು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. ಲೆಕ್ಕ ಹಾಕಿದರೆ 100 ಡೆಸಿಬೆಲ್‌ಗೆ ಸಿಗುವುದು ಬರೀ 15 ನಿಮಿಷ; ಡ್ರಮ್ ಪಕ್ಕದಲ್ಲಿ ನಿಂತ ಗಿಟಾರ್ ವಾದಕ ಎರಡು ಗಂಟೆ ಅಲ್ಲೇ ಇರುತ್ತಾನೆ. ಒಳಗಿವಿಯ ರೋಮಕೋಶಗಳು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಹತ್ತಿ ತುರುಕಿಕೊಂಡರೆ ಸಾಲದು. ಎಲ್ಲ ಸ್ಥಾಯಿಗಳನ್ನೂ ಸಮವಾಗಿ ತಗ್ಗಿಸುವ, ಸಂಗೀತಗಾರರಿಗೆಂದೇ ಮಾಡಿದ ಕಿವಿಬಿರಟೆಗಳಿವೆ. ಅವನ್ನು ಹಾಕಿಕೊಂಡ ಮೊದಲ ಎರಡು ಕಾರ್ಯಕ್ರಮ ಪರಕೀಯವೆನಿಸುತ್ತದೆ, ಮೂರನೆಯದರಲ್ಲಿ ಗಾಯಕರ ಉಚ್ಚಾರ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ. ಆ ಹಿರಿಯ ವಾದಕರಿಗೂ ಒಂದು ಜೊತೆ ಕೊಡಿಸಿ.

ಪ್ರಶ್ನೆ: ಜನ ಗುನುಗುವ ಹಾಡೊಂದರ ಆರಂಭದ ಗಿಟಾರ್ ಎಳೆ ನಾನು ಕಟ್ಟಿದ್ದು. ಬಿಡುಗಡೆಯಾದಾಗ ಎಲ್ಲಿಯೂ ನನ್ನ ಹೆಸರಿರಲಿಲ್ಲ. ಕೇಳುವುದು ಸಣ್ಣತನವೇ?

ಉತ್ತರ: ಖಂಡಿತ ಅಲ್ಲ. 1996ರ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಒಪ್ಪಂದ, ಧ್ವನಿಮುದ್ರಿಕೆಯಲ್ಲಿ ನುಡಿಸಿದವರಿಗೆ ತಮ್ಮನ್ನು ವಾದಕರೆಂದು ಗುರುತಿಸುವಂತೆ ಕೇಳುವ ನೈತಿಕ ಹಕ್ಕನ್ನು ಮಾನ್ಯ ಮಾಡಿದೆ. ಹೆಸರು ಹಾಕಿಸುವುದು ಒಂದು, ರಚನೆಯಲ್ಲಿ ಪಾಲು ಕೇಳುವುದು ಇನ್ನೊಂದು. ಎರಡನೆಯದು ಮುದ್ರಣಕ್ಕೆ ಮೊದಲೇ ತೀರ್ಮಾನವಾಗಿರಬೇಕು. ಮುಂದಿನ ಬಾರಿ ಸ್ಟುಡಿಯೊದಿಂದ ಹೊರಡುವ ಮುನ್ನ ಸಾಹಿತ್ಯ ಯಾರದು, ಧಾಟಿ ಯಾರದು, ಗಿಟಾರಿನ ಎಳೆ ಯಾರದು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಹೊಳೆದ ಎಳೆಯನ್ನು ಆ ದಿನವೇ ಫೋನಿನಲ್ಲಿ ಮುದ್ರಿಸಿಟ್ಟುಕೊಳ್ಳಿ, ದಿನಾಂಕ ತಾನಾಗಿ ಉಳಿಯುತ್ತದೆ. ಧಾಟಿ ಜನಪದದ್ದಾದರೆ ಅದನ್ನು ಯಾರಿಂದ ಕಲಿತಿರೋ ಅವರ ಹೆಸರೂ ಆ ಹಾಳೆಯಲ್ಲಿರಲಿ. ಈಗಾಗಲೇ ಬಂದಿರುವ ಹಾಡಿನ ಬಗ್ಗೆ ಜಗಳಕ್ಕೆ ಮೊದಲು ಒಂದು ವಿನಯದ ಪತ್ರ ಬರೆಯಿರಿ. ಅಂತರಜಾಲದ ವಿವರಣೆಯಲ್ಲಿ ಹೆಸರು ಸೇರಿಸಲು ಐದು ನಿಮಿಷ ಸಾಕು.

ಪ್ರಶ್ನೆ: ನನ್ನ ಮಗ ತಂಡದೊಡನೆ ತಿಂಗಳುಗಟ್ಟಲೆ ಊರೂರು ಸುತ್ತುತ್ತಾನೆ. ಮನೆಗೆ ಬಂದರೆ ಮೂರು ದಿನ ಯಾರೊಡನೆಯೂ ಸರಿಯಾಗಿ ಮಾತಾಡುವುದಿಲ್ಲ, ಗಿಟಾರನ್ನು ಮುಟ್ಟುವುದೂ ಇಲ್ಲ. ನಮ್ಮ ಮೇಲೆ ಬೇಸರವೋ, ಸಂಗೀತದ ಮೇಲೆ ಬೇಸರವೋ ತಿಳಿಯದೆ ಕಳವಳವಾಗಿದೆ.

ಉತ್ತರ: ಅಮ್ಮಾ, ಬಹುಮಟ್ಟಿಗೆ ಎರಡೂ ಅಲ್ಲವೆಂದು ನನಗೆ ತೋರುತ್ತದೆ. ಪ್ರವಾಸದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ವೇದಿಕೆ ಎರಡು ಗಂಟೆ. ಉಳಿದದ್ದೆಲ್ಲ ಪ್ರಯಾಣ, ಕಾಯುವಿಕೆ, ಸೌಂಡ್ ಚೆಕ್, ಮತ್ತೆ ಕಾಯುವಿಕೆ. ಆ ಎರಡು ಗಂಟೆಯ ಬಿಸಿ ಇಳಿದು ನಿದ್ದೆ ಹತ್ತುವಾಗ ನಡುರಾತ್ರಿ ಕಳೆದಿರುತ್ತದೆ, ಬೆಳಿಗ್ಗೆ ಬೇಗನೆ ಮುಂದಿನ ಊರಿಗೆ ಹೊರಡಬೇಕು. ದಿನವಿಡೀ ನಾಲ್ಕೈದು ಜನರ ನಡುವೆಯೇ ಇರುವುದರಿಂದ ಒಬ್ಬನೇ ಕೂರುವ ಹೊತ್ತು ಸಿಗುವುದಿಲ್ಲ. ಮನೆಗೆ ಬಂದಾಗ ಮಾತು ಬೇಡವಾಗುವುದು, ಸದ್ದಿನಿಂದ ದಣಿದ ಕಿವಿ ಕೇಳುವ ವಿಶ್ರಾಂತಿ. ಆದರೆ ಈ ಮೌನ ಎರಡು ವಾರ ದಾಟಿದರೆ, ನಿದ್ದೆ ಊಟ ಕೆಟ್ಟರೆ, ಕುಡಿತ ಹೆಚ್ಚಿದಂತೆ ಕಂಡರೆ ಕಾಯಬೇಡಿ; ನೇರವಾಗಿ ಕೇಳಿ, ಮನೋವೈದ್ಯರ ಬಳಿ ಜೊತೆಗೂಡಿ ಹೋಗಿ.

ನನ್ನ ತಾಯಿ ಏನು ಮಾಡುತ್ತಿದ್ದರೆಂದು ಹೇಳುತ್ತೇನೆ. ಬಂದ ದಿನ ಗಿಟಾರ್ ಪೆಟ್ಟಿಗೆಯನ್ನು ಒರೆಸಿ ಕೋಣೆಯ ಮೂಲೆಯಲ್ಲಿ ನಿಲ್ಲಿಸಿ ಸುಮ್ಮನಾಗುತ್ತಿದ್ದರು. ಮೂರನೆಯ ದಿನ ಸಂಜೆ, ಏನೋ ನೆನಪಾದವರಂತೆ, ‘ಆ ಹಾಡಿನ ಎರಡನೇ ಚರಣ ಹೇಗೆ ಶುರುವಾಗುತ್ತದಪ್ಪಾ?’ ಎಂದು ಕೇಳುತ್ತಿದ್ದರು. ಆ ಚರಣ ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಪ್ರತಿ ಸಲವೂ ನಾನು ಪೆಟ್ಟಿಗೆ ತೆರೆದಿದ್ದೇನೆ.